ಬೆಳಗಿನ ಗೊರಗೊರ, ನಡುವೆ ಟಿಕ್ ಟಿಕ್: ಎಸ್‌ಎಂಪಿಎಸ್ ಫ್ಯಾನಿಗೆ ಎಣ್ಣೆ ಬಿಡಬಹುದೇ?

ಪ್ರಶ್ನೆ: ಮೂಡಿಗೆರೆ ಸಮೀಪದ ಕಾಫಿ ತೋಟವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಕಚೇರಿಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಆರು ವರ್ಷವಾಯಿತು. ಚಿಕ್ಕಮಗಳೂರಿನ ಅಂಗಡಿಯಲ್ಲಿ ಬಿಡಿಭಾಗ ಜೋಡಿಸಿ ಮಾಡಿಸಿದ್ದು. ಈ ಚಳಿಗಾಲ ಶುರುವಾದಾಗಿನಿಂದ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಹಿಂಭಾಗದಿಂದ ಗೊರಗೊರ ಸದ್ದು ಬರುತ್ತದೆ, ಕಾಲು ಗಂಟೆಯಲ್ಲಿ ತಾನಾಗಿ ಅಡಗುತ್ತದೆ. ನಡುವೆ ಒಮ್ಮೊಮ್ಮೆ ಟಿಕ್ ಟಿಕ್ ಎನ್ನುವುದೂ ಉಂಟು. ಕರೆಂಟ್ ಹೋಗಿ ಯುಪಿಎಸ್ ಮೇಲೆ ನಡೆಯುವಾಗ ಗುಂಯ್ ಎನ್ನುವ ಇನ್ನೊಂದು ಸದ್ದು. ರಿಪೇರಿಯವರು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಡಬ್ಬಿ, ಬದಲಿಸಿ ಎಂದರು. ನಮ್ಮ ತೋಟದ ಪಂಪ್‌ಸೆಟ್ ನೋಡುವ ಮೆಕ್ಯಾನಿಕ್, ಡಬ್ಬಿ ಬಿಚ್ಚಿ ಫ್ಯಾನಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟರೆ ಸಾಕು, ಇಲ್ಲದಿದ್ದರೆ ಕೊಬ್ಬರಿ ಎಣ್ಣೆಯಾದರೂ ಆದೀತು ಎನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ನೀವು ಬರೆದಿರುವುದು ಒಂದು ಸದ್ದಿನ ಬಗ್ಗೆಯಲ್ಲ, ಮೂರು ಸದ್ದುಗಳ ಬಗ್ಗೆ. ಮೂರಕ್ಕೂ ಮೂಲ ಒಂದೇ ಆಗಿರಬೇಕೆಂದೇನೂ ಇಲ್ಲ. ಎಣ್ಣೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ಬೇಡ. ಕೊಬ್ಬರಿ ಎಣ್ಣೆಯಂತೂ ಬೇಡವೇ ಬೇಡ. ಕಾರಣಕ್ಕೆ ಆಮೇಲೆ ಬರುತ್ತೇನೆ. ನಿಮ್ಮ ಪತ್ರ ಓದುವಾಗ ನನಗೆ ದಿಗಿಲು ಹುಟ್ಟಿಸಿದ್ದು ಗೊರಗೊರವಲ್ಲ, ನೀವು ಅರ್ಧ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ ಆ ಟಿಕ್ ಟಿಕ್.

ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಎಸ್‌ಎಂಪಿಎಸ್ ಒಳಗಿನ 120 ಮಿಲಿಮೀಟರ್ ಫ್ಯಾನ್ ಹಗುರ ಕೆಲಸದಲ್ಲಿ ನಿಮಿಷಕ್ಕೆ 1,000 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 16ಕ್ಕೂ ಹೆಚ್ಚು ಸುತ್ತಾಯಿತು. ಒಂದೇ ಒಂದು ರೆಕ್ಕೆಗೆ ಏನೋ ತಗುಲುತ್ತಿದ್ದರೂ ಸೆಕೆಂಡಿಗೆ ಅಷ್ಟು ಬಾರಿ ತಗುಲಬೇಕು. ಏಳು ರೆಕ್ಕೆಗಳಿಗೂ ತಗುಲಿದರೆ ನೂರು ಬಾರಿ ದಾಟುತ್ತದೆ. ಕಿವಿಗೆ ಅದು ಟರ್ರ್ ಎಂದು ಒಂದೇ ಎಳೆಯಾಗಿ ಕೇಳಿಸುತ್ತದೆಯೇ ಹೊರತು ಬಿಡಿಬಿಡಿಯಾಗಿ ಅಲ್ಲ. ಬೆರಳು ಮಡಚಿ ಎಣಿಸಬಹುದಾದ ಟಿಕ್ ಟಿಕ್ ಸದ್ದು ಸರಿಯಾಗಿ ತಿರುಗುತ್ತಿರುವ ಫ್ಯಾನಿನಿಂದ ಬರುವುದಿಲ್ಲ. ಅದು ಬರುವುದು ಹೆಚ್ಚಾಗಿ ಎರಡೇ ಕಡೆಯಿಂದ: ತಿರುಗಲು ಹೊರಟು ಮತ್ತೆ ಮತ್ತೆ ಸೋಲುತ್ತಿರುವ ಫ್ಯಾನಿನಿಂದ, ಇಲ್ಲವೇ ಹಾರ್ಡ್ ಡಿಸ್ಕಿನಿಂದ.

ಹಾರ್ಡ್ ಡಿಸ್ಕ್ ಒಳಗೆ ಬಿಲ್ಲೆಯ ಮೇಲೆ ಓಡಾಡುವ ಸಣ್ಣ ತೋಳೊಂದಿದೆ. ಓದಬೇಕಾದ ಜಾಗ ಸಿಗದಿದ್ದಾಗ ಅದು ತನ್ನ ಮೂಲ ಸ್ಥಾನಕ್ಕೆ ಹಿಂದಿರುಗಿ ಮತ್ತೆ ಪ್ರಯತ್ನಿಸುತ್ತದೆ. ಹೀಗೆ ಹೋಗಿ ಬಂದು ಮಾಡುವಾಗಲೇ ಆ ಎಣಿಸಬಹುದಾದ ಟಿಕ್ ಟಿಕ್ ಕೇಳುವುದು. ಆದ್ದರಿಂದ ಈ ಉತ್ತರದ ಉಳಿದ ಭಾಗ ಓದುವ ಮೊದಲು ಒಂದು ಪೆನ್‌ಡ್ರೈವ್ ಹುಡುಕಿ, ಆಳುಗಳ ಹಾಜರಿ, ಮಜೂರಿ, ಕಾಫಿ ಮಾರಾಟದ ಲೆಕ್ಕ, ತೆರಿಗೆ ಕಾಗದಗಳು ಎಲ್ಲವನ್ನೂ ಅದಕ್ಕೆ ನಕಲು ಮಾಡಿಕೊಳ್ಳಿ. ಎಸ್‌ಎಂಪಿಎಸ್ ಹೋದರೆ ಹೊಸದು ಸಿಗುತ್ತದೆ, ಆರು ವರ್ಷದ ಲೆಕ್ಕ ಸಿಗುವುದಿಲ್ಲ. ನಕಲು ಮುಗಿದ ಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿ. ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಳ್ಳುವ ದಾಖಲೆಯನ್ನು ಅದು ಓದಿ ತೋರಿಸುತ್ತದೆ. ನೀಲಿ ಬಣ್ಣದಲ್ಲಿ ‘ಗುಡ್’ ಎಂದು ಬಂದರೆ ಸದ್ಯಕ್ಕೆ ಸಮಾಧಾನ. ಹಳದಿ ಬಣ್ಣದಲ್ಲಿ ‘ಕಾಷನ್’ ಎಂದಿದ್ದರೆ ಡಿಸ್ಕ್ ಬದಲಿಸುವ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ನಿಮ್ಮದರಲ್ಲಿ ಇರುವುದು ಎಸ್‌ಎಸ್‌ಡಿ (ಬಿಲ್ಲೆಯ ಬದಲು ಚಿಪ್‌ಗಳಲ್ಲಿ ಮಾಹಿತಿ ಇಡುವ ಡಿಸ್ಕ್) ಮಾತ್ರ ಎಂದಾದರೆ ಈ ಭಯವಿಲ್ಲ, ಅದರಲ್ಲಿ ಆಡುವ ಭಾಗಗಳೇ ಇಲ್ಲ.

ಇಲ್ಲಿ ಇನ್ನೊಂದು ಕೊಂಡಿಯೂ ಇರಬಹುದು. ದೊಡ್ಡ ಹಾರ್ಡ್ ಡಿಸ್ಕಿನ ಮೋಟಾರಿಗೆ ಬೇಕಾದ 12 ವೋಲ್ಟ್ ಬರುವುದು ಇದೇ ಎಸ್‌ಎಂಪಿಎಸ್‌ನಿಂದ. ಆ 12 ವೋಲ್ಟ್ ಶೇಕಡ 5ಕ್ಕಿಂತ ಹೆಚ್ಚು ಆಚೀಚೆ ಆಗಬಾರದು, ಅಂದರೆ 11.4ರಿಂದ 12.6ರೊಳಗೆ ಇರಬೇಕು ಎಂಬುದು ನಿಯಮ. ಫ್ಯಾನ್ ಸೊರಗಿ ಒಳಗಿನ ಕೆಪಾಸಿಟರ್‌ಗಳು (ವಿದ್ಯುತ್ ತುಂಬಿಟ್ಟುಕೊಳ್ಳುವ ಭಾಗಗಳು) ಬೆಂದಿದ್ದರೆ ವೋಲ್ಟೇಜು ತೂರಾಡುತ್ತದೆ. ಆಗ ಯಾವ ದೋಷವೂ ಇಲ್ಲದ ಡಿಸ್ಕ್ ಕೂಡ ನಡುವೆ ನಿಂತು, ಮತ್ತೆ ಹೊರಟು, ಟಿಕ್ ಎನ್ನಬಹುದು. ಗೊರಗೊರ ಮತ್ತು ಟಿಕ್ ಟಿಕ್ ಒಂದೇ ಚಳಿಗಾಲದಲ್ಲಿ ಜೊತೆಯಾಗಿ ಶುರುವಾಗಿವೆ ಎಂದು ನೀವು ಬರೆದಿರುವುದರಿಂದ ಈ ಅನುಮಾನವನ್ನು ತಳ್ಳಿಹಾಕುವಂತಿಲ್ಲ.

ಈಗ ಗೊರಗೊರಕ್ಕೆ ಬರೋಣ. ಹಿಂಭಾಗದಿಂದ ಸದ್ದು ಬಂದಾಕ್ಷಣ ಅದು ಎಸ್‌ಎಂಪಿಎಸ್‌ನದೇ ಎಂದು ತೀರ್ಮಾನಿಸಬೇಡಿ. ಕ್ಯಾಬಿನೆಟ್ಟಿನ ಹಿಂಬದಿಗೆ ಒಂದು ಪ್ರತ್ಯೇಕ ಫ್ಯಾನ್ ಇರಬಹುದು, ಪ್ರೊಸೆಸರ್ ಮೇಲೆ ಒಂದು ಇದ್ದೇ ಇರುತ್ತದೆ, ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದಕ್ಕೂ ಒಂದು. ತಗಡಿನ ಡಬ್ಬಿ ಸದ್ದನ್ನು ಎಲ್ಲೆಡೆ ಸಾಗಿಸಿ, ಎಲ್ಲಿ ಕಿಂಡಿ ಇದೆಯೋ ಅಲ್ಲಿಂದ ಹೊರಗೆ ಬಿಡುತ್ತದೆ. ನನ್ನ ರಿಪೇರಿ ಮೇಜಿಗೆ ‘ಎಸ್‌ಎಂಪಿಎಸ್ ಸದ್ದು’ ಎಂಬ ಚೀಟಿ ಹೊತ್ತು ಬರುವ ಯಂತ್ರಗಳಲ್ಲಿ ಪ್ರೊಸೆಸರ್ ಫ್ಯಾನಿನದೇ ತಕರಾರು ಇರುವಂಥವು ಕಡಿಮೆಯೇನಲ್ಲ.

ಗುರುತಿಸುವ ಕೆಲಸವನ್ನು ನೀವೇ ಮಾಡಬಹುದು. ಬೆಳಿಗ್ಗೆ, ಯಂತ್ರ ತಣ್ಣಗಿರುವಾಗಲೇ ಮಾಡಿ; ಸದ್ದು ಅಡಗಿದ ಮೇಲೆ ಹುಡುಕಿ ಫಲವಿಲ್ಲ. ಮೊದಲು ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಎಡಬದಿಯ ತಗಡು ತೆಗೆಯಿರಿ. ಬಳಿಕ ಪ್ಲಗ್ ಹಾಕಿ ಆನ್ ಮಾಡಿ. ತೆರೆದ ಕ್ಯಾಬಿನೆಟ್ಟಿನೊಳಗೆ ಕಾಣುವ ವೈರುಗಳಲ್ಲಿ ಹರಿಯುವುದು 12 ವೋಲ್ಟ್ ಅಥವಾ ಅದಕ್ಕಿಂತ ಕಡಿಮೆ. ಅದರಿಂದ ಶಾಕ್ ಹೊಡೆಯುವ ಭಯವಿಲ್ಲ. ಮನೆಯ 230 ವೋಲ್ಟ್ ಇರುವುದು ಎಸ್‌ಎಂಪಿಎಸ್ ಎಂಬ ಮುಚ್ಚಿದ ಡಬ್ಬಿಯೊಳಗೆ ಮಾತ್ರ. ಆದರೂ ಸೆರಗು, ಶಾಲು, ಕೈಬಳೆ ಫ್ಯಾನಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ, ಸ್ಕ್ರೂ ಕೈಯಿಂದ ಜಾರಿ ಒಳಗೆ ಬೀಳದಿರಲಿ. ಈಗ ಹಳೆಯ ಪತ್ರಿಕೆಯನ್ನು ಗಟ್ಟಿಯಾಗಿ ಕೊಳವೆಯಂತೆ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಫ್ಯಾನಿನ ಸಮೀಪಕ್ಕೆ. ರೆಕ್ಕೆಗೆ ಮಾತ್ರ ತಾಗಿಸಬೇಡಿ. ಎರಡನೆಯ ಫ್ಯಾನಿಗೆ ಬರುವಷ್ಟರಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಇನ್ನೂ ಅನುಮಾನವಿದ್ದರೆ ಪ್ರೊಸೆಸರ್ ಫ್ಯಾನಿನ ನಡುವಿನ ಗುಂಡಗಿನ ಭಾಗವನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಒಂದೆರಡು ಸೆಕೆಂಡು ನಿಲ್ಲಿಸಿ. ಗೊರಗೊರ ನಿಂತರೆ ಕಳ್ಳ ಸಿಕ್ಕಿದ. ನೂರಾರು ರೂಪಾಯಿಯಲ್ಲಿ ಮುಗಿಯುವ ಕೆಲಸ. ಹಿಂಬದಿಯ ಫ್ಯಾನಿಗೂ ಹಾಗೆಯೇ. ಎಸ್‌ಎಂಪಿಎಸ್ ಫ್ಯಾನಿಗೆ ಮಾತ್ರ, ಯಂತ್ರ ನಡೆಯುತ್ತಿರುವಾಗ ಜಾಲರಿಯೊಳಗೆ ಬೆರಳಾಗಲಿ ಕಡ್ಡಿಯಾಗಲಿ ಏನನ್ನೂ ತೂರಿಸಬೇಡಿ. ಉಳಿದ ಫ್ಯಾನುಗಳನ್ನು ಒಂದೊಂದಾಗಿ ನಿಲ್ಲಿಸಿಯೂ ಸದ್ದು ಹೋಗದಿದ್ದರೆ ಆಗ ಎಸ್‌ಎಂಪಿಎಸ್ ಮೇಲೆ ಬೆರಳು ತೋರಿಸಬಹುದು. ಇದನ್ನು ತಿಳಿಯಲು ಫ್ಯಾನಿನ ವೇಗ ತೋರಿಸುವ ತಂತ್ರಾಂಶಗಳನ್ನು ನೆಚ್ಚಬೇಡಿ. ಸಾಮಾನ್ಯ ಎಸ್‌ಎಂಪಿಎಸ್ ತನ್ನ ಫ್ಯಾನಿನ ಸುದ್ದಿಯನ್ನು ಮದರ್‌ಬೋರ್ಡಿಗೆ ಹೇಳುವುದೇ ಇಲ್ಲ. ಅದರ ವೇಗವನ್ನು ಒಳಗಿನ ಶಾಖ ನೋಡಿ ತೀರ್ಮಾನಿಸುವ ಒಂದು ಸಣ್ಣ ಥರ್ಮಿಸ್ಟರ್ ಡಬ್ಬಿಯೊಳಗೇ ಕುಳಿತಿರುತ್ತದೆ.

ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ ಯಂತ್ರ ಆರಿಸುವ ಗಳಿಗೆಯದ್ದು. ಶಟ್‌ಡೌನ್ ಮಾಡಿ, ಕೊನೆಯ ಕ್ಷಣದಲ್ಲಿ ಕಿವಿಗೊಡಿ. ತಿರುಗುವ ವಸ್ತುವಿನ ಸದ್ದು ಒಮ್ಮೆಲೇ ನಿಲ್ಲುವುದಿಲ್ಲ. ಫ್ಯಾನ್ ನಿಧಾನವಾಗುತ್ತಾ ಹೋದಂತೆ ಗೊರಗೊರವೂ ಎಳೆದುಕೊಂಡು ಕೊನೆಗೆ ಟಕ್ ಟಕ್ ಎಂದು ಬಿಡಿಯಾಗಿ ನಿಲ್ಲುತ್ತದೆ. ವಿದ್ಯುತ್ತಿನಿಂದ ಹುಟ್ಟುವ ಸದ್ದು, ಅಂದರೆ ಕಾಯಿಲ್‌ಗಳ (ತಂತಿ ಸುರುಳಿಗಳ) ಕೀಚಲು ಧ್ವನಿ, ಕತ್ತರಿಸಿದಂತೆ ಆ ಕ್ಷಣವೇ ಇಲ್ಲವಾಗುತ್ತದೆ. ಮೌಸ್ ಉರುಳಿಸಿದಾಗ, ಪರದೆಯ ಪುಟ ಸರಿದಾಗ ಏರಿಳಿಯುವ ತೆಳ್ಳನೆಯ ಕೀ ಎನ್ನುವ ಸದ್ದು ಈ ಜಾತಿಯದು. ಅದು ಕಿರಿಕಿರಿಯೇ ಹೊರತು ಸಾಮಾನ್ಯವಾಗಿ ಅಪಾಯವಲ್ಲ, ಅದಕ್ಕೆ ಎಣ್ಣೆಯೂ ಇಲ್ಲ, ಔಷಧವೂ ಇಲ್ಲ.

ನೀವು ಹೇಳಿದ ಲಕ್ಷಣಗಳಿಗೆ ಹೊಂದುವುದು ಸವೆದ ಬುಷ್. ಅಗ್ಗದ ಮತ್ತು ಮಧ್ಯಮ ದರ್ಜೆಯ ಎಸ್‌ಎಂಪಿಎಸ್‌ಗಳಲ್ಲಿ ಬಹುತೇಕ ಸ್ಲೀವ್ ಬೇರಿಂಗ್ ಫ್ಯಾನುಗಳಿರುತ್ತವೆ. ಗುಂಡುಗಳಿಲ್ಲದ ಬೇರಿಂಗ್ ಅದು: ಎಣ್ಣೆ ಹೀರಿಕೊಂಡ ಸಣ್ಣ ಲೋಹದ ಕೊಳವೆ (ಬುಷ್ ಎಂದರೆ ಇದೇ), ಅದರೊಳಗೆ ತಿರುಗುವ ಉಕ್ಕಿನ ಕಡ್ಡಿ. ಎರಡರ ನಡುವೆ ಎಣ್ಣೆಯ ತೆಳು ಪದರ ಇರುವಷ್ಟು ದಿನ ಸದ್ದಿಲ್ಲ. ವರ್ಷಗಟ್ಟಲೆ ಬಿಸಿಗಾಳಿಯಲ್ಲಿ ತಿರುಗಿ ಎಣ್ಣೆಯ ಸಾರ ಹಾರಿಹೋಗುತ್ತದೆ, ಉಳಿದದ್ದು ದೂಳಿನೊಂದಿಗೆ ಸೇರಿ ಜಿಡ್ಡಾಗುತ್ತದೆ, ತೂತು ಸ್ವಲ್ಪ ಅಗಲವಾಗುತ್ತದೆ. ಆಮೇಲೆ ಒರಳಿನಲ್ಲಿ ಒನಕೆ ಆಡಿದಂತೆ ಕಡ್ಡಿ ಆ ತೂತಿನಲ್ಲಿ ಆಡತೊಡಗುತ್ತದೆ. ಚಳಿಗಾಲದ ಬೆಳಿಗ್ಗೆ ಮಾತ್ರ ಗೊರಗೊರ ಏಕೆಂದರೆ, ಆಗ ಅಳಿದುಳಿದ ಜಿಡ್ಡು ಗಟ್ಟಿಯಾಗಿರುತ್ತದೆ. ಜೊತೆಗೆ ತಣ್ಣಗಿರುವ ಎಸ್‌ಎಂಪಿಎಸ್ ತನ್ನ ಫ್ಯಾನಿಗೆ ಕಡಿಮೆ ವೋಲ್ಟೇಜು ಕೊಟ್ಟು ನಿಧಾನವಾಗಿ ತಿರುಗಿಸುವುದರಿಂದ ತೂಗಾಟ ಹೆಚ್ಚು. ಕಾಲು ಗಂಟೆಯಲ್ಲಿ ಡಬ್ಬಿ ಬೆಚ್ಚಗಾಗಿ ಜಿಡ್ಡು ಕರಗುತ್ತದೆ, ವೇಗವೂ ಏರುತ್ತದೆ, ಸದ್ದು ಅಡಗುತ್ತದೆ. ಅಡಗಿತೆಂದರೆ ವಾಸಿಯಾಯಿತು ಎಂದಲ್ಲ. ಮಾರ್ಚ್‌ನಲ್ಲಿ ಸದ್ದೇ ಇರದೆ ನೀವು ಮರೆತುಬಿಡಬಹುದು. ಮುಂದಿನ ಚಳಿಗಾಲದ ಒಂದು ಬೆಳಿಗ್ಗೆ ಫ್ಯಾನ್ ತಿರುಗಲೇ ಒಪ್ಪದಿರಬಹುದು.

ಫ್ಯಾನ್ ಮಲಗಿದ ಭಂಗಿಯಲ್ಲಿ ಇರುವುದೂ ಸ್ಲೀವ್ ಬೇರಿಂಗಿಗೆ ಒಗ್ಗುವುದಿಲ್ಲ. ಹಳೆಯ 80 ಮಿಲಿಮೀಟರ್ ಫ್ಯಾನುಗಳು ಹಿಂಬದಿಯಲ್ಲಿ ಗೋಡೆ ಗಡಿಯಾರದಂತೆ ನಿಂತಿರುತ್ತಿದ್ದವು. ಈಗಿನ 120 ಮಿಲಿಮೀಟರ್ ಫ್ಯಾನುಗಳು ನೆಲಕ್ಕೋ ಮಾಡಿಗೋ ಮುಖ ಮಾಡಿ ಮಲಗಿರುತ್ತವೆ, ಭಾರವೆಲ್ಲ ಕಡ್ಡಿಯ ತುದಿಗೆ ಬೀಳುತ್ತದೆ, ಎಣ್ಣೆ ಒಂದೇ ಕಡೆಗೆ ಜಾರುತ್ತದೆ.

ಇದರ ಮೇಲೆ ನಮ್ಮ ಕಡೆಯ ದೂಳು. ಅರೇಬಿಕಾ ಕೊಯ್ಲಿನ ನವೆಂಬರ್‌ನಿಂದ ರೊಬಸ್ಟಾ ಮುಗಿಯುವ ಮಾರ್ಚ್‌ವರೆಗೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಚೀಲ ತುಂಬುವಾಗ, ಸಿಪ್ಪೆ ಸುಲಿಯುವ ಹಲ್ಲರ್ ನಡೆಯುವಾಗ ಹಾರುವ ಸಿಪ್ಪೆಯ ನವಿರು ಪುಡಿ ಗಾಳಿಯಲ್ಲೇ ಇರುತ್ತದೆ. ಬೆಂಗಳೂರಿನ ಕಚೇರಿಯ ದೂಳನ್ನು ಊದಿದರೆ ಹಾರುತ್ತದೆ, ಇದು ಹಾಗಲ್ಲ. ಹಾಸನ, ಚಿಕ್ಕಮಗಳೂರುಗಳ ಕಾಫಿ ಕ್ಯೂರಿಂಗ್ ಕೇಂದ್ರಗಳಿಂದ, ತೋಟದ ಕಚೇರಿಗಳಿಂದ ಬರುವ ಯಂತ್ರಗಳನ್ನು ಬಿಚ್ಚಿದರೆ ಫ್ಯಾನಿನ ರೆಕ್ಕೆಗಳ ಮುಂಚೂಣಿ ಅಂಚಿನಲ್ಲಿ ಕಂದು ಬಣ್ಣದ ಪಟ್ಟಿಯೊಂದು ಕಾಣಿಸುತ್ತದೆ. ಉಗುರಿನಿಂದ ಕೆರೆದರೆ ಸಣ್ಣ ಹಪ್ಪಳೆಯಾಗಿ ಏಳುತ್ತದೆ, ಮೂಗಿಗೆ ಹಿಡಿದರೆ ಗೊಬ್ಬರದ ಗುಂಡಿಯ ಹುಳಿ ವಾಸನೆ. ಮುಂಗಾರಿನ ಥಂಡಿಯಲ್ಲಿ ನೆನೆದು, ಬೇಸಿಗೆಯಲ್ಲಿ ಒಣಗಿ ಗಟ್ಟಿಯಾದ ಸಿಪ್ಪೆಪುಡಿ ಅದು. ಒಂದು ರೆಕ್ಕೆಯ ಹಪ್ಪಳೆ ಉದುರಿ ಇನ್ನೊಂದರದ್ದು ಉಳಿದರೆ ಸಾಕು, ಫ್ಯಾನಿನ ತೂಕ ಓರೆಯಾಗಿ, ಬೇರಿಂಗ್ ಚೆನ್ನಾಗಿದ್ದರೂ ಗೊರಗುಟ್ಟುತ್ತದೆ. ಹಾಗಾಗಿ ಸವೆದಿದೆ ಎಂದು ತೀರ್ಪು ಕೊಡುವ ಮೊದಲು ಒಮ್ಮೆ ಶುಚಿ ಮಾಡಿ ನೋಡುವುದು ನ್ಯಾಯ.

ಶುಚಿ ಮಾಡುವುದೆಂದರೆ ಎಸ್‌ಎಂಪಿಎಸ್ ಬಿಚ್ಚುವುದಲ್ಲ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಕೆಲವು ಸೆಕೆಂಡು ಒತ್ತಿ ಹಿಡಿದು ಬಿಡಿ. ಕ್ಯಾಬಿನೆಟ್ಟನ್ನು ಜಗಲಿಗೋ ಅಂಗಳಕ್ಕೋ ಒಯ್ಯಿರಿ. ಕಚೇರಿಯೊಳಗೇ ಊದಿದರೆ ಅದೇ ದೂಳು ನಾಳೆ ಮತ್ತೆ ಒಳಗೆ ಹೋಗುತ್ತದೆ. ಕಡ್ಡಿಪೊರಕೆಯ ಒಣ ಕಡ್ಡಿಯೊಂದನ್ನು ಜಾಲರಿಯ ಕಿಂಡಿಯಿಂದ ರೆಕ್ಕೆಗೆ ಮಾತ್ರ ತಾಗುವಷ್ಟು ತೂರಿಸಿ ಫ್ಯಾನ್ ತಿರುಗದಂತೆ ಹಿಡಿಯಿರಿ. ಪ್ಲಗ್ ಕಿತ್ತಿರುವಾಗ ಮಾತ್ರ, ಲೋಹದ ಕಡ್ಡಿ ಕೂಡದು, ಆಳಕ್ಕೆ ಚುಚ್ಚಕೂಡದು. ಆಮೇಲೆ ಬ್ಲೋವರಿನಿಂದ ಸ್ವಲ್ಪ ದೂರದಲ್ಲಿ ನಿಂತು, ಬಿಟ್ಟು ಬಿಟ್ಟು ಊದಿ. ಹಿಡಿಯದೆ ಊದಿದರೆ ಫ್ಯಾನ್ ತನ್ನ ಶಕ್ತಿ ಮೀರಿ ಗಿರ್ರೆಂದು ತಿರುಗಿ, ಮೊದಲೇ ಸೊರಗಿದ ಬುಷ್ ಪೂರ್ತಿ ಹಾಳಾಗುತ್ತದೆ. ಮಕ್ಕಳಿಗೆ ಆ ಗಿರ್ರೆನ್ನುವುದು ಬಲು ಇಷ್ಟ, ಬ್ಲೋವರನ್ನು ಅವರ ಕೈಗೆ ಕೊಡಬೇಡಿ. ಒದ್ದೆ ಬಟ್ಟೆ, ಸ್ಪ್ರೇ ಯಾವುದೂ ಬೇಡ. ಜಾಲರಿಯ ಹಿಂದೆ ಹಲ್ಲಿಯ ಮೊಟ್ಟೆ, ಇರುವೆ ತಂದಿಟ್ಟ ಮಣ್ಣು, ಕಣಜದ ಗೂಡು ಕಂಡರೆ ಅಚ್ಚರಿಪಡಬೇಡಿ, ಮಲೆನಾಡಿನಲ್ಲಿ ಬೆಚ್ಚಗಿನ ಡಬ್ಬಿ ಯಾರಿಗೆ ಬೇಡ? ಆದರೆ ಊದಿದರೂ ಹೋಗದ ಗೂಡಿದ್ದರೆ ಅದು ರಿಪೇರಿಯವರ ಕೆಲಸ.

ಶುಚಿಯಾದ ಮೇಲೂ ಮಾರನೆಯ ಬೆಳಿಗ್ಗೆ ಗೊರಗೊರ ಇದ್ದರೆ ಬುಷ್ ಸವೆದಿರುವುದು ಬಹುಮಟ್ಟಿಗೆ ಖಚಿತ. ಇನ್ನೊಂದು ಸಾಧ್ಯತೆ ಇದೆ. ಕೆಲವು ಎಸ್‌ಎಂಪಿಎಸ್‌ಗಳಲ್ಲಿ ಗಾಳಿಯನ್ನು ಬೇಕಾದ ಕಡೆಗೆ ತಿರುಗಿಸಲು ಫ್ಯಾನಿಗೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಬಿಗಿದಿರುತ್ತಾರೆ. ಅದು ಸಡಿಲಾಗಿದ್ದರೆ ಪಟಪಟ ಎನ್ನುತ್ತದೆ, ಬೆಳಿಗ್ಗೆ ಸಂಜೆ ಎಂಬ ಭೇದವಿಲ್ಲದೆ. ನಿಮ್ಮದು ಆ ಜಾತಿಯಲ್ಲ.

ಈಗ ಎಣ್ಣೆ. ಪಂಪ್‌ಸೆಟ್ ಮೆಕ್ಯಾನಿಕ್ ಹೇಳಿದ ತತ್ವ ತಪ್ಪಲ್ಲ. ಎಣ್ಣೆ ಒಣಗಿದ ಬುಷ್ಷಿಗೆ ಎಣ್ಣೆ ಬೇಕು ನಿಜ. ತಪ್ಪಿರುವುದು ಎಣ್ಣೆಯ ಆಯ್ಕೆಯಲ್ಲಿ. ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಬಚ್ಚಲ ಕಿಟಕಿಯ ಮೇಲಿಟ್ಟ ಬಾಟಲಿಯನ್ನು ಬಿಸಿನೀರಿನಲ್ಲಿ ಇಡದೆ ಎಣ್ಣೆ ಇಳಿಯುವುದಿಲ್ಲವಲ್ಲ? ಅದೇ ಎಣ್ಣೆ ಫ್ಯಾನಿನ ಕಡ್ಡಿಯ ಸುತ್ತ ಮೇಣದಂತೆ ಕೂತರೆ ನಿಮ್ಮ ಬೆಳಗಿನ ತೊಂದರೆಗೇ ಬಲ ಕೊಟ್ಟಂತಾಯಿತು. ಹೊಲಿಗೆ ಯಂತ್ರದ ಎಣ್ಣೆ ಅದಕ್ಕಿಂತ ಎಷ್ಟೋ ವಾಸಿ, ಬಿಟ್ಟ ದಿನ ಸದ್ದು ನಿಲ್ಲುವುದೂ ಉಂಟು. ಆದರೆ ಅದು ತೀರಾ ತೆಳು. ಆ ಬಿಸಿಯಲ್ಲಿ ಬೇಗ ಹರಿದು, ಆರಿ, ದೂಳು ಹಿಡಿಯುತ್ತದೆ. ಸವೆದು ಅಗಲವಾದ ತೂತನ್ನು ಯಾವ ಎಣ್ಣೆಯೂ ಕಿರಿದು ಮಾಡುವುದಿಲ್ಲ. ತುಕ್ಕು ಬಿಡಿಸುವ ಸ್ಪ್ರೇ ಇನ್ನೂ ಕೆಟ್ಟದ್ದು, ಉಳಿದಿದ್ದ ಮೂಲ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ಇವೆಲ್ಲ ಕ್ಯಾಬಿನೆಟ್ಟಿನ ಹೊರ ಫ್ಯಾನಿನ ವಿಷಯವಾಗಿದ್ದರೆ ನಾನು ಇಷ್ಟು ಖಡಾಖಂಡಿತವಾಗಿ ಬರೆಯುತ್ತಿರಲಿಲ್ಲ; ಮಾಡಿ ನೋಡಿ ಎನ್ನುತ್ತಿದ್ದೆ. ಎಸ್‌ಎಂಪಿಎಸ್ ಫ್ಯಾನಿಗೆ ಎಣ್ಣೆ ಬಿಡಬೇಕಾದರೆ ಆ ಡಬ್ಬಿಯನ್ನೇ ಬಿಚ್ಚಬೇಕು. ನನ್ನ ತಕರಾರು ಅಲ್ಲಿದೆ.

ಗೋಡೆಯಿಂದ ಬರುವ 230 ವೋಲ್ಟನ್ನು ಎಸ್‌ಎಂಪಿಎಸ್ ಮೊದಲು ನೇರ ವಿದ್ಯುತ್ತಾಗಿ ಬದಲಿಸಿ ದೊಡ್ಡ ಕೆಪಾಸಿಟರಿನಲ್ಲಿ ತುಂಬಿಕೊಳ್ಳುತ್ತದೆ. ಅಲ್ಲಿ ನಿಲ್ಲುವುದು 230 ಅಲ್ಲ, ಸುಮಾರು 325 ವೋಲ್ಟ್. ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇರುವ ಮಾದರಿಗಳಲ್ಲಿ 380ರ ಆಸುಪಾಸು. ಪ್ಲಗ್ ಕಿತ್ತ ಮೇಲೂ ಅದು ಅಲ್ಲಿ ಉಳಿದಿರಬಹುದು. ಒಳ್ಳೆಯ ಕಂಪನಿಗಳು ಅದನ್ನು ಮೆಲ್ಲಗೆ ಬರಿದು ಮಾಡುವ ರೆಸಿಸ್ಟರ್ ಇಟ್ಟಿರುತ್ತವೆ. ಅಗ್ಗದ ಡಬ್ಬಿಯಲ್ಲಿ ಅದು ಇದೆಯೋ ಇಲ್ಲವೋ, ಇದ್ದರೂ ಸುಟ್ಟಿದೆಯೋ ಹೊರಗಿನಿಂದ ಹೇಳಲಾಗದು. ಪಂಪ್‌ಸೆಟ್ಟಿನಲ್ಲಿ ಫ್ಯೂಸ್ ಕಿತ್ತರೆ ಕೆಲಸ ಮುಗಿಯಿತು ಎಂಬ ಅಭ್ಯಾಸದಲ್ಲಿ ಇಲ್ಲಿ ಕೈ ಹಾಕಿದರೆ ಆಪತ್ತು ಕಟ್ಟಿಟ್ಟದ್ದು. ಮೀಟರ್ ಹಿಡಿದು ಆ ಕೆಪಾಸಿಟರಿನ ವೋಲ್ಟೇಜು ಅಳೆದು, ಬರಿದು ಮಾಡಿ, ಮತ್ತೆ ಅಳೆದು ನೋಡುವವರು ಮಾತ್ರ ಈ ಡಬ್ಬಿ ಬಿಚ್ಚಬೇಕು. ನಿಮ್ಮಲ್ಲಿಗೆ ಬರುವವರು ಅವರಲ್ಲೊಬ್ಬರೇ ಎಂದು ತಿಳಿಯಲು ಒಂದೇ ಪ್ರಶ್ನೆ ಸಾಕು: ‘ಬಿಚ್ಚಿದ ಮೇಲೆ ಮೊದಲು ಏನು ಮಾಡುತ್ತೀರಿ?’ ‘ಫ್ಯಾನ್ ತೆಗೆಯುತ್ತೇನೆ’ ಎಂದರೆ ಕಾಫಿ ಕೊಟ್ಟು ಕಳುಹಿಸಿ.

ಇದರಿಂದ ಅಪಾಯವಿದೆಯೇ ಎಂಬ ಪ್ರಶ್ನೆಯೂ ಏಳುತ್ತದೆ. ಸದ್ದಿನಿಂದ ಅಪಾಯವಿಲ್ಲ, ಸದ್ದು ಮಾಡುತ್ತಿದ್ದ ಫ್ಯಾನ್ ಒಂದು ದಿನ ಸುಮ್ಮನಾದರೆ ಅಪಾಯ. ಕಚೇರಿ ಕೆಲಸಕ್ಕೆ ನಿಮ್ಮ ಕಂಪ್ಯೂಟರ್ 100 ವಾಟ್ ಬಳಸುತ್ತದೆ, ಎಸ್‌ಎಂಪಿಎಸ್‌ನ ದಕ್ಷತೆ ಶೇಕಡ 80 ಎಂದಿಟ್ಟುಕೊಂಡರೆ, ಗೋಡೆಯಿಂದ 125 ವಾಟ್ ಎಳೆದು 25 ವಾಟನ್ನು ಅದು ತನ್ನೊಳಗೇ ಶಾಖವಾಗಿ ಕಕ್ಕುತ್ತದೆ. ಅಷ್ಟು ಸಣ್ಣ ಮುಚ್ಚಿದ ಡಬ್ಬಿಗೆ ಗಾಳಿ ಇಲ್ಲದಿದ್ದರೆ ಇದು ಕಡಿಮೆಯಲ್ಲ. ಕೆಪಾಸಿಟರಿನ ಉಷ್ಣತೆ 10 ಡಿಗ್ರಿ ಏರಿದರೆ ಅದರ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ ಎಂಬುದು ಈ ಕೆಲಸದವರ ಲೆಕ್ಕಾಚಾರ. ಒಳ್ಳೆಯ ಎಸ್‌ಎಂಪಿಎಸ್ ಅತಿ ಬಿಸಿಯಾದಾಗ ತಾನೇ ಆರುತ್ತದೆ, ಎಲ್ಲವೂ ಹಾಗಲ್ಲ. ಹೊಸದು ತರುವವರೆಗೆ ದಿನಕ್ಕೊಮ್ಮೆ ಹಿಂಬದಿಯ ಜಾಲರಿಯ ಮುಂದೆ ಅಂಗೈ ಹಿಡಿಯಿರಿ. ಮೆಲ್ಲನೆ ಬೆಚ್ಚನೆಯ ಗಾಳಿ ತಾಗಬೇಕು. ಗಾಳಿಯೇ ಇಲ್ಲದೆ ತಗಡು ಸುಡುತ್ತಿದ್ದರೆ, ಸುಟ್ಟ ವಾಸನೆ ಬಂದರೆ, ಬರೆಯುತ್ತಿದ್ದ ಲೆಕ್ಕ ಉಳಿಸಿ ಯಂತ್ರ ಆರಿಸಿಬಿಡಿ. ಕೆಲವು ದುಬಾರಿ ಮಾದರಿಗಳಲ್ಲಿ ಕಡಿಮೆ ಕೆಲಸವಿದ್ದಾಗ ಫ್ಯಾನ್ ಬೇಕೆಂದೇ ನಿಂತಿರುತ್ತದೆ. ನೀವು ಹೇಳಿದ ಯಂತ್ರದಲ್ಲಿ ಅದು ಇರುವ ಸಂಭವ ಕಡಿಮೆ.

ಹಾಗಾದರೆ ಫ್ಯಾನ್ ಮಾತ್ರ ಬದಲಿಸಬಹುದಲ್ಲ ಎಂದು ಕೇಳಬಹುದು. ಬಲ್ಲವರ ಕೈಯಲ್ಲಿ ಆಗುತ್ತದೆ. ಆದರೆ ಅಳತೆ ಒಂದೇ ಎಂದು ಅಂಗಡಿಯಲ್ಲಿ ಸಿಕ್ಕಿದ 12 ವೋಲ್ಟಿನ ಫ್ಯಾನ್ ಕೂರಿಸುವುದರಲ್ಲಿ ಒಂದು ಮೋಸವಿದೆ. ಎಸ್‌ಎಂಪಿಎಸ್ ತಣ್ಣಗಿರುವಾಗ ಫ್ಯಾನಿಗೆ ಐದಾರು ವೋಲ್ಟ್ ಮಾತ್ರ ಕೊಡುತ್ತಿರಬಹುದು. ಹೊಸ ಫ್ಯಾನಿಗೆ ಹೊರಡಲು ಏಳು ವೋಲ್ಟ್ ಬೇಕಿದ್ದರೆ ಅದು ನಿಂತೇ ಇರುತ್ತದೆ. ಸದ್ದು ಪೂರ್ತಿ ಹೋಯಿತು ಎಂದು ನೀವು ಖುಷಿಪಡುತ್ತೀರಿ. ಗಾಳಿ ಒಳಗೆ ನುಗ್ಗಬೇಕಾದ ಕಡೆ ಹೊರಗೆ ತಳ್ಳುವಂತೆ ತಿರುವುಮುರುವಾಗಿ ಕೂರಿಸಿರುವುದನ್ನೂ ನೋಡಿದ್ದೇನೆ. ವಾರಂಟಿ ಮುಗಿದ, ಒಳ್ಳೆಯ ದರ್ಜೆಯ, ಹೆಚ್ಚು ವಾಟ್‌ನ ಎಸ್‌ಎಂಪಿಎಸ್ ಆಗಿದ್ದರೆ ಈ ಶ್ರಮಕ್ಕೆ ಅರ್ಥವಿದೆ. ಆರು ವರ್ಷ ಕಾಫಿ ದೂಳು ಕುಡಿದ ಸಾಧಾರಣ ಎಸ್‌ಎಂಪಿಎಸ್‌ಗೆ ಇಲ್ಲ. ಅದರ ಫ್ಯಾನಿಗಾದಷ್ಟೇ ವಯಸ್ಸು ಅದರ ಕೆಪಾಸಿಟರ್‌ಗಳಿಗೂ ಆಗಿದೆ. ನಿಮ್ಮ ರಿಪೇರಿಯವರು ಹೇಳಿದ್ದು ಸರಿ: ಬದಲಿಸಿ. ಅದಕ್ಕೆ ಮುನ್ನ ಹಳೆಯ ಬಿಲ್ ತೆಗೆದು ನೋಡಿ. ಕೆಲವು ಕಂಪನಿಗಳು ಐದು, ಏಳು, ಹತ್ತು ವರ್ಷದ ವಾರಂಟಿ ಕೊಡುತ್ತವೆ. ಅವಧಿ ಉಳಿದಿದ್ದರೆ ದುಡ್ಡು ಉಳಿಯಿತು, ಡಬ್ಬಿಯ ಸ್ಕ್ರೂ ಮೇಲಿನ ಚೀಟಿ ಹರಿಯದಿದ್ದರೆ ಮಾತ್ರ.

ಹೊಸದನ್ನು ಕೊಳ್ಳುವಾಗ ‘500 ವಾಟ್’ ಎಂಬ ದೊಡ್ಡ ಅಕ್ಷರ ನೋಡಿ ಮರುಳಾಗಬೇಡಿ. ಲೇಬಲ್ಲಿನ ಪಟ್ಟಿಯಲ್ಲಿ 12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಎಂದು ಬರೆದಿದೆ ನೋಡಿ, ಅದನ್ನು 12ರಿಂದ ಗುಣಿಸಿ. 450 ವಾಟ್ ಎನ್ನುವ ಪ್ರಾಮಾಣಿಕ ಡಬ್ಬಿಯಲ್ಲಿ ಗುಣಲಬ್ಧ 400ರ ಮೇಲೆ ಬರಬೇಕು. 200ರ ಹತ್ತಿರ ಬಂದರೆ ಉಳಿದದ್ದು ಬಣ್ಣದ ಮಾತು. ದಕ್ಷತೆ ಸೂಚಿಸುವ 80 ಪ್ಲಸ್ ಗುರುತು ಇರಲಿ, ಬ್ರಾಂಜ್ ದರ್ಜೆ ನಿಮಗೆ ಧಾರಾಳ ಸಾಕು. ಫ್ಯಾನಿನ ಬೇರಿಂಗ್ ಯಾವುದೆಂದು ಕೇಳಿ. ಫ್ಲೂಯಿಡ್ ಡೈನಮಿಕ್ ಆದರೆ ಉತ್ತಮ. ಬಾಲ್ ಬೇರಿಂಗ್ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ಆದರೆ ಹೊಸದರಲ್ಲೇ ತುಸು ಸದ್ದು. ನಿಮ್ಮದು ಜೋಡಿಸಿದ ಯಂತ್ರವಾದ್ದರಿಂದ ಸಾಮಾನ್ಯ ಎಟಿಎಕ್ಸ್ ಅಳತೆಯದು ಕೂರುತ್ತದೆ. ಹಿಂಬದಿಯ ನಾಲ್ಕು ಸ್ಕ್ರೂ, ಮದರ್‌ಬೋರ್ಡಿನ 24 ಪಿನ್ನಿನ ಕನೆಕ್ಟರ್, ಪ್ರೊಸೆಸರಿನ ಪಕ್ಕದ 4 ಅಥವಾ 8 ಪಿನ್ನಿನದು. ಕಂಪನಿಯೇ ಜೋಡಿಸಿ ಮಾರುವ ಸಣ್ಣ ಗಾತ್ರದ ಡೆಸ್ಕ್‌ಟಾಪ್ ಇರುವ ಓದುಗರು ಮಾತ್ರ ಹಳೆಯದನ್ನು ಅಂಗಡಿಗೆ ಒಯ್ದು ಹೋಲಿಸಿಯೇ ಕೊಳ್ಳಬೇಕು, ಅವುಗಳ ಅಳತೆ ಬೇರೆ.

ಕೂರಿಸುವಾಗ ನೋಡಬೇಕಾದದ್ದು ಒಂದೇ. ಕ್ಯಾಬಿನೆಟ್ಟಿನ ತಳದಲ್ಲಿ ಎಸ್‌ಎಂಪಿಎಸ್ ಕೂರುವ ಮಾದರಿಯಾದರೆ, ಅದರ ಕೆಳಗೆ ಗಾಳಿಕಿಂಡಿಯೂ ದೂಳಿನ ಜಾಲರಿಯೂ ಇದ್ದರೆ ಫ್ಯಾನ್ ಕೆಳಮುಖವಾಗಿರಲಿ; ಕಿಂಡಿ ಇಲ್ಲದಿದ್ದರೆ ಮೇಲ್ಮುಖವಾಗಿರಲಿ. ಕ್ಯಾಬಿನೆಟ್ಟನ್ನು ನೆಲದ ಮೇಲೆ, ಗೋಣಿಚೀಲಗಳ ಪಕ್ಕದಲ್ಲಿ ಇಟ್ಟಿದ್ದರೆ ಇವತ್ತೇ ಮೇಲೆತ್ತಿ. ಮೊಣಕಾಲೆತ್ತರದ ಸ್ಟೂಲ್ ಆದರೂ ಸಾಕು. ಹಿಂಬದಿ ಗೋಡೆಗೆ ಅಂಟದಂತೆ ಒಂದು ಗೇಣು ಜಾಗ ಬಿಡಿ. ದೂಳೆಂದು ಬಟ್ಟೆಯ ಕವಚ ಹೊದಿಸುವವರು ಯಂತ್ರ ನಡೆಯುವಾಗ ಅದನ್ನು ತೆಗೆಯಲೇಬೇಕು.

ಉಳಿದದ್ದು ಯುಪಿಎಸ್ ಮೇಲೆ ಕೇಳುವ ಗುಂಯ್. ಅದಕ್ಕೂ ಫ್ಯಾನಿಗೂ ಸಂಬಂಧವಿಲ್ಲ. ಮನೆ ಕಚೇರಿಗಳಲ್ಲಿ ಇಡುವ ಸಣ್ಣ ಯುಪಿಎಸ್‌ಗಳು ಬ್ಯಾಟರಿಯಿಂದ ಕೊಡುವ ವಿದ್ಯುತ್ತಿನ ಅಲೆ ಗೋಡೆಯ ಕರೆಂಟಿನ ಹಾಗೆ ನುಣುಪಾಗಿರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಆ ಮೆಟ್ಟಿಲಿನ ಹೊಡೆತಕ್ಕೆ ಯುಪಿಎಸ್‌ನ ಟ್ರಾನ್ಸ್‌ಫಾರ್ಮರೂ ಎಸ್‌ಎಂಪಿಎಸ್‌ನ ಕಾಯಿಲ್‌ಗಳೂ ಕಂಪಿಸಿ ಗುಂಯ್‌ಗುಡುತ್ತವೆ. ಪತ್ರಿಕೆಯ ಕೊಳವೆ ಹಿಡಿದರೆ ಎರಡರಲ್ಲಿ ಯಾವುದು ಎಂದು ತಿಳಿಯುತ್ತದೆ. ಹತ್ತು ನಿಮಿಷದಲ್ಲಿ ಕೆಲಸ ಉಳಿಸಿ ಆರಿಸುವುದಾದರೆ ಚಿಂತೆ ಬೇಡ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲದೆ ಇನ್‌ವರ್ಟರ್ ಮೇಲೆಯೇ ದುಡಿಯುವುದಾದರೆ ಗೋಡೆಯ ಕರೆಂಟಿನಂತೆ ನುಣುಪಾದ, ಅಂದರೆ ಶುದ್ಧ ಸೈನ್ ಅಲೆಯ ಇನ್‌ವರ್ಟರ್ ಇಟ್ಟುಕೊಳ್ಳುವುದು ಒಳ್ಳೆಯದು. ಹೊಸ ಎಸ್‌ಎಂಪಿಎಸ್ ಹಾಕಿದ ದಿನವೇ, ಅಂಗಡಿಯವರು ಇನ್ನೂ ಎದುರಿಗಿರುವಾಗ, ಗೋಡೆಯ ಸ್ವಿಚ್ ಆರಿಸಿ ಯುಪಿಎಸ್ ಮೇಲೆ ನಡೆಸಿ ನೋಡಿ. ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್ ಇರುವ ಹೊಸ ಮಾದರಿಗಳು ಕೆಲವು ಹಳೆಯ ಯುಪಿಎಸ್‌ಗಳ ಜೊತೆ ಹೊಂದದೆ ಆ ಕ್ಷಣವೇ ಆರಿಹೋಗುವುದುಂಟು. ಹಾಗಾದರೆ ಎಸ್‌ಎಂಪಿಎಸ್ ಕೆಟ್ಟದ್ದೆಂದು ಹಿಂದಿರುಗಿಸಬೇಡಿ, ಯುಪಿಎಸ್‌ನ ಮಾದರಿ ಮತ್ತು ಅದರ ಮೇಲೆ ಬರೆದ ವಿಎ ಸಂಖ್ಯೆಯನ್ನು (ಅದರ ಸಾಮರ್ಥ್ಯ) ನನಗೆ ಬರೆದು ತಿಳಿಸಿ.